1994ರಲ್ಲಿ ಮಂಡೇಲಾ ಸರ್ಕಾರಕ್ಕೆ ಬೇರೆ ಆರ್ಥಿಕ ದಾರಿ ಇತ್ತಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ವರ್ಣಭೇದ ಮುಗಿದ ಮೇಲೆ ದಕ್ಷಿಣ ಆಫ್ರಿಕಾದಲ್ಲಿ ಬಂದ ಸರ್ಕಾರದ ಬಗ್ಗೆ ಓದುತ್ತಿದ್ದೇನೆ. ಒಂದು ವಿಷಯ ಎಷ್ಟು ಓದಿದರೂ ಬಗೆಹರಿಯುತ್ತಿಲ್ಲ.

1955ರಲ್ಲಿ ಕ್ಲಿಪ್‌ಟೌನ್‌ನಲ್ಲಿ ಸಾವಿರಾರು ಜನ ಸೇರಿ ಸ್ವಾತಂತ್ರ್ಯ ಸನ್ನದನ್ನು ಒಪ್ಪಿದರು. ನೆಲದ ಕೆಳಗಿನ ಖನಿಜ, ಬ್ಯಾಂಕು, ದೊಡ್ಡ ಉದ್ಯಮ ಎಲ್ಲ ಜನರ ಒಡೆತನಕ್ಕೆ ಬರಬೇಕು ಎಂದು ಅದರಲ್ಲಿ ನೇರವಾಗಿ ಇದೆ. 1990ರ ಜನವರಿಯಲ್ಲಿ, ಬಿಡುಗಡೆಗೆ ಕೆಲವೇ ವಾರ ಮೊದಲು, ಮಂಡೇಲಾ ಜೈಲಿನಿಂದಲೇ ಅದನ್ನು ಮತ್ತೆ ಹೇಳಿದರು. ಗಣಿ, ಬ್ಯಾಂಕುಗಳ ರಾಷ್ಟ್ರೀಕರಣ ತಮ್ಮ ಪಕ್ಷವಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಅಂದರೆ ಎಎನ್‌ಸಿಯ ನೀತಿ, ಅದು ಬದಲಾಗುವುದಿಲ್ಲ ಅಂದರು. ಆರೇ ವರ್ಷಕ್ಕೆ, 1996ರ ಜೂನ್‌ನಲ್ಲಿ, ಅದೇ ಪಕ್ಷದ ಸರ್ಕಾರ 'ಗೇರ್' ಎಂಬ ಆರ್ಥಿಕ ಯೋಜನೆ ತಂದಿತು. ಖರ್ಚಿಗೆ ಕಡಿವಾಣ, ಸುಂಕ ಇಳಿಕೆ, ಖಾಸಗೀಕರಣ, ವಿದೇಶಿ ಬಂಡವಾಳಕ್ಕೆ ಸ್ವಾಗತ.

ಈ ಆರು ವರ್ಷದಲ್ಲಿ ಏನಾಯಿತು? ಹೊರಗಿನ ಒತ್ತಡಕ್ಕೆ ಬಗ್ಗಿದರಾ, ತಾವೇ ಆರಿಸಿಕೊಂಡರಾ? ಇನ್ನೊಂದು ಪ್ರಶ್ನೆ. ಇವತ್ತು ಆ ದೇಶ ಬಡ ದೇಶಗಳ ಪರ ಮಾತಾಡುತ್ತದೆ. ಆ ಮಾತಿಗೆ ಅದರ ಬಳಿ ಬಲ ಇದೆಯಾ?

ಅರ್ಥಶಾಸ್ತ್ರದ_ಮೇಷ್ಟ್ರು:
ಒಳ್ಳೆಯ ಪ್ರಶ್ನೆ. 1990ರಿಂದ ಶುರು ಮಾಡಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ, 1985ಕ್ಕೆ ಹೋಗೋಣ.

ಆ ವರ್ಷ ಆಗಸ್ಟ್‌ನಲ್ಲಿ ಅಧ್ಯಕ್ಷ ಬೋಥಾ ಡರ್ಬನ್‌ನಲ್ಲಿ ಭಾಷಣ ಮಾಡಿದರು. ಸುಧಾರಣೆ ಘೋಷಿಸುತ್ತಾರೆ ಎಂದು ಜಗತ್ತು ಕಾದಿತ್ತು. ಅವರು ಬಗ್ಗುವುದಿಲ್ಲ ಅಂದರು. ಚೇಸ್ ಮ್ಯಾನ್‌ಹಟನ್ ಬ್ಯಾಂಕ್ ಅದಾಗಲೇ ಅಲ್ಪಾವಧಿ ಸಾಲ ನವೀಕರಿಸುವುದನ್ನು ನಿಲ್ಲಿಸಿತ್ತು. ಉಳಿದ ಬ್ಯಾಂಕುಗಳೂ ಅದೇ ದಾರಿ ಹಿಡಿದವು. ರ‍್ಯಾಂಡ್ (ಅಲ್ಲಿನ ನಾಣ್ಯ) ಕುಸಿಯಿತು, ಸರ್ಕಾರ ಸಾಲ ಮರುಪಾವತಿಯನ್ನೇ ತಡೆಹಿಡಿಯಿತು. ಅಲ್ಲಿಂದ ಮುಂದೆ ಸುಮಾರು ಒಂದು ದಶಕ ಆ ದೇಶಕ್ಕೆ ಹೊರಗಿನ ದುಡ್ಡು ಬರುವುದು ಹೋಗಲಿ, ಒಳಗಿನದೇ ಹೊರಗೆ ಹರಿಯಿತು.

1994ರಲ್ಲಿ ಎಎನ್‌ಸಿಗೆ ಸಿಕ್ಕಿದ್ದು ಇಂಥ ಖಜಾನೆ. ವಿದೇಶಿ ಸಾಲ 20 ಬಿಲಿಯನ್ ಡಾಲರ್‌ಗೂ ಜಾಸ್ತಿ. ಕಪ್ಪು ಜನರನ್ನು ದೂಡಿದ್ದ ಹತ್ತು 'ಹೋಮ್‌ಲ್ಯಾಂಡ್'ಗಳ ಸಾಲವೂ ತಲೆ ಮೇಲೆ ಬಂತು. ಚುನಾವಣೆಗೂ ಮುಂಚೆ, 1993ರ ಡಿಸೆಂಬರ್‌ನಲ್ಲಿ, ಐಎಂಎಫ್‌ನಿಂದ 850 ಮಿಲಿಯನ್ ಡಾಲರ್ ಸಾಲಕ್ಕೆ ಮಧ್ಯಂತರ ಮಂಡಳಿ ಒಪ್ಪಿಗೆ ಕೊಟ್ಟಾಗಿತ್ತು. ಹಣಕಾಸು ಸಚಿವ ಡೆರೆಕ್ ಕೀಸ್, ರಿಸರ್ವ್ ಬ್ಯಾಂಕ್ ಗವರ್ನರ್ ಕ್ರಿಸ್ ಸ್ಟಾಲ್ಸ್, ಇಬ್ಬರೂ ಹಳೆಯ ಆಡಳಿತದವರೇ. ಮಾರುಕಟ್ಟೆ ಹೆದರಬಾರದು ಅಂತ ಮಂಡೇಲಾ ಇಬ್ಬರನ್ನೂ ಮುಂದುವರಿಸಿದರು.

ನಮ್ಮ 1947ಕ್ಕೆ ಹೋಲಿಸಿ ನೋಡಿ. ಯುದ್ಧದ ಲೆಕ್ಕದಲ್ಲಿ ಬ್ರಿಟನ್ನೇ ನಮಗೆ ನೂರು ಕೋಟಿ ಪೌಂಡ್‌ಗೂ ಹೆಚ್ಚು ಕೊಡಬೇಕಿತ್ತು. ಆಮೇಲೆ ಅಮೆರಿಕ, ರಷ್ಯಾ ಎರಡೂ ಕಡೆಯಿಂದ ನೆರವು ತರಿಸುವ ಅವಕಾಶ ಇತ್ತು. ಭಿಲಾಯಿ ಉಕ್ಕಿನ ಕಾರ್ಖಾನೆ ಹಾಗೆ ಬಂದದ್ದು. ಮಂಡೇಲಾ ಅಧಿಕಾರಕ್ಕೆ ಬರುವಾಗ ಸೋವಿಯತ್ ಒಕ್ಕೂಟವೇ ಇರಲಿಲ್ಲ.

ಹೊಸಪೇಟೆ_ಹುಡುಗ:
ಮೇಷ್ಟ್ರೇ, ಇದನ್ನು ಒಪ್ಪುತ್ತೇನೆ, ಆದರೆ ಇದರಿಂದ 'ಬೇರೆ ದಾರಿ ಇರಲಿಲ್ಲ' ಅನ್ನುವ ತೀರ್ಮಾನಕ್ಕೆ ಬರಲು ಆಗಲ್ಲ.

ಗೇರ್ ನೀತಿ ಐಎಂಎಫ್ ಹೇರಿದ್ದಲ್ಲ. ಅವರೇ ಬರೆದುಕೊಂಡರು. ಎಎನ್‌ಸಿ ಜೊತೆ ಮೈತ್ರಿಯಲ್ಲಿದ್ದ ಕಾರ್ಮಿಕ ಒಕ್ಕೂಟ ಕೊಸಾಟು, ಕಮ್ಯುನಿಸ್ಟ್ ಪಕ್ಷ, ಇಬ್ಬರ ಜೊತೆಯೂ ಸರಿಯಾಗಿ ಚರ್ಚೆ ಮಾಡಲಿಲ್ಲ. ಇದರಲ್ಲಿ ಚೌಕಾಸಿ ಇಲ್ಲ ಅಂತ ಹಣಕಾಸು ಸಚಿವ ಟ್ರೆವರ್ ಮ್ಯಾನುಯೆಲ್ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ವರ್ಷಕ್ಕೆ 4 ಲಕ್ಷ ಹೊಸ ಕೆಲಸ, ಶೇಕಡ 6ರ ಬೆಳವಣಿಗೆ ಅಂತ ಭರವಸೆ ಕೊಟ್ಟರು. ಎರಡೂ ಬರಲಿಲ್ಲ. 1998ರಲ್ಲಿ ಏಷ್ಯಾ ಬಿಕ್ಕಟ್ಟು ಅಲ್ಲಿಗೂ ತಟ್ಟಿದಾಗ ಬ್ಯಾಂಕ್ ಬಡ್ಡಿ ಶೇಕಡ 25 ದಾಟಿತು. ಆ ಬಡ್ಡಿಗೆ ಸಾಲ ತಂದು ಯಾವ ಸಣ್ಣ ಕಾರ್ಖಾನೆ ಬದುಕುತ್ತೆ ಹೇಳಿ?

ಬಟ್ಟೆ ಉದ್ಯಮವನ್ನೇ ನೋಡಿ. ಶ್ವೇತ ಸರ್ಕಾರ ಜಾಗತಿಕ ವ್ಯಾಪಾರ ಒಪ್ಪಂದವಾದ ಗ್ಯಾಟ್‌ನಲ್ಲಿ ತಾನು ಮುಂದುವರಿದ ದೇಶ ಅಂತ ಗುರುತಿಸಿಕೊಂಡಿತ್ತು. ಹೊಸ ಸರ್ಕಾರಕ್ಕೂ ಅದೇ ಹಣೆಪಟ್ಟಿ ಅಂಟಿತು. ಬಡ ದೇಶಗಳಿಗೆ ಸಿಗುವ ರಿಯಾಯಿತಿ ಸಿಗಲಿಲ್ಲ. ಸರಿ, ಅದು ಹಿಂದಿನವರ ತಪ್ಪು. ಆದರೆ ಬಟ್ಟೆ ಮೇಲಿನ ಸುಂಕವನ್ನು ಒಪ್ಪಂದದಲ್ಲಿ ಇದ್ದ ಗಡುವಿಗಿಂತಲೂ ಬೇಗ ಇಳಿಸಿದ್ದು ಯಾರು? ಕೇಪ್‌ಟೌನ್, ಡರ್ಬನ್‌ನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡರು. ಡರ್ಬನ್‌ನಲ್ಲಿ ಅವರಲ್ಲಿ ತುಂಬ ಜನ ಭಾರತೀಯ ಮೂಲದವರು. ಕಬ್ಬಿನ ತೋಟಕ್ಕೆ ಅಂತ 1860ರಿಂದ ಮದ್ರಾಸು ಬಂದರಿನಿಂದ ಹಡಗು ಹತ್ತಿದವರ ಮೊಮ್ಮಕ್ಕಳು, ಮರಿಮಕ್ಕಳು.

ಸಿರಿಗಂಧ88:
ಮಂಡೇಲಾ ಜಾಗತಿಕ ಆರ್ಥಿಕ ಸಭೆಗೆ ಅಂತ ದಾವೋಸ್‌ಗೆ ಹೋಗಿ ಬಂದ ಮೇಲೆ ಮನಸ್ಸು ಬದಲಿಸಿದರು ಅಂತ ಕೇಳಿದ್ದೆ. ನಿಜವಾ?

ಅರ್ಥಶಾಸ್ತ್ರದ_ಮೇಷ್ಟ್ರು:
ಹೌದು, 1992ರಲ್ಲಿ. ಅಲ್ಲಿ ಉದ್ಯಮಿಗಳಿಗಿಂತ ಚೀನಾ, ವಿಯೆಟ್ನಾಂ ನಾಯಕರ ಮಾತು ಅವರನ್ನು ಹೆಚ್ಚು ತಟ್ಟಿತು ಎಂದು ಜೊತೆಗಿದ್ದ ಎಎನ್‌ಸಿ ನಾಯಕ ಟಿಟೊ ಎಂಬೊವೆನಿ ಆಮೇಲೆ ಹೇಳಿದ್ದಾರೆ. ನಾವು ಕಮ್ಯುನಿಸ್ಟರು, ನಾವೇ ಖಾಸಗಿಯವರಿಗೆ ಬಾಗಿಲು ತೆರೆಯುತ್ತಿದ್ದೇವೆ, ನೀವು ಯಾಕೆ ರಾಷ್ಟ್ರೀಕರಣ ಅನ್ನುತ್ತೀರಿ ಎಂದು ಅವರು ಕೇಳಿದರಂತೆ. ಪಾಶ್ಚಾತ್ಯರು ತಲೆ ಕೆಡಿಸಿದರು ಅಂತ ಮಾತ್ರ ಹೇಳಿದರೆ ಸಾಲದು.

ಹೊಸಪೇಟೆ_ಹುಡುಗ:
ಚೀನಾ ಬಾಗಿಲು ತೆರೆದಿದ್ದು ನಿಧಾನಕ್ಕೆ. ಬ್ಯಾಂಕುಗಳನ್ನು, ವಿದೇಶಿ ವಿನಿಮಯವನ್ನು ಕೈಬಿಡಲಿಲ್ಲ. ದಕ್ಷಿಣ ಆಫ್ರಿಕಾ 1995ರ ಮಾರ್ಚ್‌ನಲ್ಲೇ ಫೈನಾನ್ಶಿಯಲ್ ರ‍್ಯಾಂಡ್ ತೆಗೆದುಹಾಕಿತು. ವಿದೇಶಿ ಹೂಡಿಕೆದಾರರ ದುಡ್ಡು ಸಲೀಸಾಗಿ ಹೊರಹೋಗದಂತೆ ತಡೆಯುತ್ತಿದ್ದ ಪ್ರತ್ಯೇಕ ವಿನಿಮಯ ದರ ಅದು. 1997ರಿಂದ 1999ರ ಒಳಗೆ ಬಿಲ್ಲಿಟನ್, ಆಂಗ್ಲೋ ಅಮೆರಿಕನ್, ಸೌತ್ ಆಫ್ರಿಕನ್ ಬ್ರೂವರೀಸ್, ಓಲ್ಡ್ ಮ್ಯೂಚುಯಲ್ ಎಲ್ಲ ಲಂಡನ್ ಷೇರುಪೇಟೆಗೆ ಮನೆ ಬದಲಿಸಿದವು. ಒಂದು ಶತಮಾನ ಕಪ್ಪು ಕಾರ್ಮಿಕರ ಬೆವರಿನಲ್ಲಿ ಕಟ್ಟಿದ ಬಂಡವಾಳ ಅದು. ಹೋಗಲು ಅನುಮತಿ ಕೊಟ್ಟಿದ್ದು ವಿಮೋಚನಾ ಪಕ್ಷದ ಸರ್ಕಾರ. ಅದನ್ನು ಯಾರೂ ಬಲವಂತ ಮಾಡಿರಲಿಲ್ಲ.

ಚಾಂಪಿಯನ್_ರೀಫ್:
ಗಣಿ ರಾಷ್ಟ್ರೀಕರಣ ಅಂತ ಬಂದಾಗ ಕೆಜಿಎಫ್‌ನವನಾಗಿ ಸುಮ್ಮನಿರೋಕೆ ಆಗಲ್ಲ.

ನಮ್ಮ ಗಣಿಗಳನ್ನು ಮೈಸೂರು ರಾಜ್ಯ 1956ರಲ್ಲಿ ವಹಿಸಿಕೊಂಡಿತು. 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಬಿಜಿಎಂಎಲ್ ಎಂಬ ಕೇಂದ್ರ ಸರ್ಕಾರಿ ಕಂಪನಿ ಆಯಿತು. ಅದಕ್ಕೂ ಮುಂಚೆ ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಒಳ್ಳೆಯ ಅದಿರನ್ನು 75 ವರ್ಷ ತೆಗೆದಾಗಿತ್ತು. ಸರ್ಕಾರದ ಕೈಗೆ ಬಂದಾಗ ಗಣಿ ತುಂಬ ಆಳಕ್ಕೆ ಇಳಿದಿತ್ತು, ಟನ್ನಿಗೆ ಸಿಗುವ ಚಿನ್ನ ಇಳಿಯುತ್ತಾ ಇತ್ತು. ಜಗತ್ತಿನಲ್ಲಿ ಚಿನ್ನದ ಅಧಿಕೃತ ಬೆಲೆ ಔನ್ಸಿಗೆ 35 ಡಾಲರ್ ಅಂತ ಕಟ್ಟಿಹಾಕಿದ್ದ ಕಾಲ ಬೇರೆ. ಕೊನೆಗೆ 2001ರ ಫೆಬ್ರವರಿ 28ಕ್ಕೆ ಬಾಗಿಲು ಮುಚ್ಚಿತು. ನನ್ನ ತಂದೆ ಕೆಳಗೆ ಇಳಿದು ಕೆಲಸ ಮಾಡಿದವರು. ಅವರು ಹೇಳುತ್ತಿದ್ದುದು ಒಂದೇ ಮಾತು: ಗಣಿ ಯಾರ ಹೆಸರಲ್ಲಿದೆ ಅನ್ನುವುದಕ್ಕಿಂತ, ಅದರ ಲಾಭವನ್ನು ಒಳ್ಳೆಯ ಕಾಲದಲ್ಲಿ ಊರಿಗೆ ಹಾಕಿದರಾ ಇಲ್ಲವಾ ನೋಡಬೇಕು. ನಮ್ಮಲ್ಲಿ ಹಾಕಲಿಲ್ಲ. ಇವತ್ತಿಗೂ ಊರಿನ ಸಾವಿರಾರು ಜನ ಬೆಳಗ್ಗೆ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. ಸೈನೈಡ್ ಗುಡ್ಡದ ದೂಳು ಮನೆಯೊಳಗೆ ಬರುತ್ತೆ.

ದಕ್ಷಿಣ ಆಫ್ರಿಕಾದ್ದೂ ಅದೇ ಸ್ಥಿತಿ. 1970ರಲ್ಲಿ ಅವರು ವರ್ಷಕ್ಕೆ ಸುಮಾರು ಸಾವಿರ ಟನ್ ಚಿನ್ನ ತೆಗೆದರು. ಎಎನ್‌ಸಿ ಬರುವ ಹೊತ್ತಿಗೆ ಆ ಕಾಲ ಮುಗಿದಿತ್ತು. ಎಂಪೊನೆಂಗ್ ಗಣಿ ನಾಲ್ಕು ಕಿಲೋಮೀಟರ್ ಹತ್ತಿರ ಆಳ ಇದೆ. 1994ರಲ್ಲಿ ಚಿನ್ನದ ಗಣಿಗಳನ್ನು ವಹಿಸಿಕೊಂಡಿದ್ದರೆ ಮುಳುಗುವ ಉದ್ಯಮದ ಸಂಬಳ, ಪಿಂಚಣಿ, ನೀರೆತ್ತುವ ಖರ್ಚು ಎಲ್ಲ ಸರ್ಕಾರದ ಪಾಲಿಗೆ ಬರುತ್ತಿತ್ತು.

ಇನ್ನೊಂದು ಮಾತು. ಗಣಿ ದೂಳಿನಿಂದ ಶ್ವಾಸಕೋಶ ಕೆಟ್ಟ ಕಾರ್ಮಿಕರು ಅಲ್ಲಿ ಕಂಪನಿಗಳ ಮೇಲೆ ಕೇಸು ಹಾಕಿದರು. 2019ರಲ್ಲಿ 5 ಬಿಲಿಯನ್ ರ‍್ಯಾಂಡ್ ಪರಿಹಾರದ ಒಪ್ಪಂದಕ್ಕೆ ಕೋರ್ಟ್ ಒಪ್ಪಿಗೆ ಕೊಟ್ಟಿತು. ಲೆಸೊಥೊ, ಮೊಜಾಂಬಿಕ್, ಮಲಾವಿಯಿಂದ ಬಂದು ದುಡಿದವರಿಗೂ ಅದರಲ್ಲಿ ಹಕ್ಕಿದೆ. ಸ್ವತಂತ್ರ ನ್ಯಾಯಾಲಯ ಇಲ್ಲದಿದ್ದರೆ ಇದು ಸಾಧ್ಯವಿತ್ತಾ? ಆ ಗೆಲುವನ್ನೂ 1994ರ ಲೆಕ್ಕಕ್ಕೆ ಸೇರಿಸಬೇಕು.

ತುಂಗಾತೀರ:
ಚಾಂಪಿಯನ್ ರೀಫ್ ಅಣ್ಣ, ನಿಮ್ಮ ತಂದೆಯವರ ಮಾತು ತುಂಬ ಹಿಡಿಸಿತು. ಹಾಗಾದರೆ ಪ್ಲಾಟಿನಂ? ಅದು ಮುಳುಗುವ ಉದ್ಯಮ ಆಗಿರಲಿಲ್ಲ ಅಲ್ವಾ?

ಚಾಂಪಿಯನ್_ರೀಫ್:
ಅಲ್ಲ. ಅದಕ್ಕೆ ಮುಂದೆ ಒಳ್ಳೆಯ ಕಾಲ ಬಂತು. ಜಗತ್ತಿನ ಪ್ಲಾಟಿನಂನಲ್ಲಿ ಹೆಚ್ಚಿನ ಪಾಲು ಅವರದೇ. ಕಾರುಗಳ ಹೊಗೆ ಶುದ್ಧೀಕರಣಕ್ಕೆ ಬೇಕಾಗಿ ಬೇಡಿಕೆ ಏರಿತು. ಅಲ್ಲಿ ಆಗಿದ್ದೇನು ಅಂದರೆ ಮರಿಕಾನಾ ಪ್ಲಾಟಿನಂ ಗಣಿಯ ಘಟನೆ. 2012ರ ಆಗಸ್ಟ್ 16. ಸಂಬಳ ಜಾಸ್ತಿ ಕೇಳಿ ಮುಷ್ಕರ ಕೂತ ಗಣಿ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿ 34 ಜನರನ್ನು ಕೊಂದರು. ವರ್ಣಭೇದ ಮುಗಿದು 18 ವರ್ಷ ಆದ ಮೇಲೆ. 1982ರಲ್ಲಿ ಗಣಿ ಕಾರ್ಮಿಕರ ಸಂಘ ಕಟ್ಟಿದ್ದ ರಾಮಫೋಸಾ ಆಗ ಆ ಗಣಿ ನಡೆಸುತ್ತಿದ್ದ ಲೋನ್‌ಮಿನ್ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿದ್ದರು. ಈಗ ಅವರೇ ಅಧ್ಯಕ್ಷ. ಇದನ್ನು ಓದಿದಾಗ ನನಗೆ ಆದ ಸಂಕಟ ಹೇಳಲಾರೆ.

ಕಾವೇರಿ_ಮಗ:
ಎಲ್ಲ ಸರಿ, ರಾಷ್ಟ್ರೀಕರಣ ಮಾಡಿದ್ದರೆ ಜಿಂಬಾಬ್ವೆ ಆಗ್ತಿತ್ತು. ಬೆಲೆ ಏರಿ ಏರಿ ಅಲ್ಲಿ ಅಚ್ಚು ಹಾಕಿದ ನೂರು ಟ್ರಿಲಿಯನ್ ಡಾಲರ್ ನೋಟು ನೋಡಿಲ್ವಾ?

ಹೊಸಪೇಟೆ_ಹುಡುಗ:
ಈ ಉದಾಹರಣೆ ಪ್ರತಿ ಸಲ ಬರುತ್ತೆ. ಜಿಂಬಾಬ್ವೆ 1980ರಲ್ಲಿ ಸ್ವತಂತ್ರವಾದಾಗ ಮಾಡಿದ್ದೂ ದಕ್ಷಿಣ ಆಫ್ರಿಕಾ ಮಾಡಿದ್ದನ್ನೇ. ಸ್ವಾತಂತ್ರ್ಯಕ್ಕಾಗಿ ಲಂಡನ್ನಿನಲ್ಲಿ ಆದ ಲ್ಯಾಂಕಾಸ್ಟರ್ ಹೌಸ್ ಒಪ್ಪಂದದ ಪ್ರಕಾರ ಹತ್ತು ವರ್ಷ ಮಾರುವವರು ಒಪ್ಪಿದರೆ ಮಾತ್ರ ಜಮೀನು ಕೊಳ್ಳಬೇಕು. ರೊಡೇಷಿಯಾದ (ಸ್ವಾತಂತ್ರ್ಯಕ್ಕೆ ಮುಂಚೆ ಅದೇ ದೇಶದ ಹೆಸರು) ಹಳೆಯ ಸಾಲವನ್ನೂ ಹೊತ್ತುಕೊಂಡಿತು. 1991ರಲ್ಲಿ ವಿಶ್ವಬ್ಯಾಂಕ್, ಐಎಂಎಫ್ ಬೆಂಬಲದ ಸುಧಾರಣೆ ತಂದಿತು, ಕಾರ್ಖಾನೆಗಳು ಮುಚ್ಚಿದವು. 1997ರಲ್ಲಿ ಮಾಜಿ ಹೋರಾಟಗಾರರಿಗೆ ಬಜೆಟ್‌ನಲ್ಲಿ ಇಲ್ಲದ ಪರಿಹಾರ ಕೊಟ್ಟರು, 1998ರಲ್ಲಿ ಕಾಂಗೋ ಯುದ್ಧಕ್ಕೆ ಸೈನ್ಯ ಕಳಿಸಿದರು. ಜಮೀನು ಕಿತ್ತುಕೊಂಡಿದ್ದು 2000ದಲ್ಲಿ. ಇಪ್ಪತ್ತು ವರ್ಷ ಭೂಮಿ ಹಂಚದೆ ಮುಂದೂಡಿದ್ದೂ ಆ ಸ್ಫೋಟಕ್ಕೆ ಒಂದು ಕಾರಣ.

ಕಾವೇರಿ_ಮಗ:
ಅಲ್ಲಿ ಆಳಿದ ಮುಗಾಬೆಯ ದಬ್ಬಾಳಿಕೆ, ಚುನಾವಣಾ ಹಿಂಸೆ, ನೋಟು ಅಚ್ಚು ಹಾಕಿದ್ದು, ಇದಕ್ಕೆಲ್ಲ ಲ್ಯಾಂಕಾಸ್ಟರ್ ಹೌಸ್ ಕಾರಣ ಅಂತೀರಾ?

ಹೊಸಪೇಟೆ_ಹುಡುಗ:
ಇಲ್ಲ. ಅದಕ್ಕೆ ಮುಗಾಬೆಯೇ ಹೊಣೆ. ನಾನು ಹೇಳಿದ್ದು ಜಿಂಬಾಬ್ವೆಯಿಂದ ಕಲಿಯುವ ಪಾಠ ನೀವು ಹೇಳಿದಷ್ಟು ಸಲೀಸಲ್ಲ ಅಂತ.

ಜೋಬರ್ಗ್_ಕನ್ನಡಿಗ:
ಹಲವು ವರ್ಷದಿಂದ ಜೊಹಾನ್ಸ್‌ಬರ್ಗ್‌ನಲ್ಲಿದ್ದೇನೆ, ಇಲ್ಲಿ ಕಾಣುವುದನ್ನು ಬರೆಯುತ್ತೇನೆ.

ಮೊದಲು ಆಗಿರುವ ಕೆಲಸ ಹೇಳಬೇಕು, ಏಕೆಂದರೆ ದೂರದಿಂದ ಅದು ಕಾಣಲ್ಲ. 1994ರಲ್ಲಿ ಅರ್ಧಕ್ಕಿಂತ ಕಡಿಮೆ ಮನೆಗಳಿಗೆ ಕರೆಂಟ್ ಇತ್ತು. ಈಗ ಶೇಕಡ 85ಕ್ಕಿಂತ ಜಾಸ್ತಿ. ಸರ್ಕಾರ ಕಟ್ಟಿಕೊಟ್ಟ ಮನೆಗಳು ಲಕ್ಷಗಟ್ಟಲೆ. ಮಕ್ಕಳ ಭತ್ಯೆ, ವೃದ್ಧಾಪ್ಯ ವೇತನ ಎಲ್ಲ ಸೇರಿ ಸುಮಾರು 1.8 ಕೋಟಿಗೂ ಹೆಚ್ಚು ಜನರಿಗೆ ತಿಂಗಳು ತಿಂಗಳು ದುಡ್ಡು ಬರುತ್ತೆ. ನಮ್ಮ ಆಫೀಸಿನಲ್ಲಿ ಕೆಲಸ ಮಾಡುವ ಎಷ್ಟೋ ಯುವಕರು ಅಜ್ಜಿಯ ಪಿಂಚಣಿಯಲ್ಲಿ ಓದಿದವರು. 'ನವ ಉದಾರವಾದಿ' ಅಂತ ಒಂದೇ ಪದದಲ್ಲಿ ತೀರ್ಪು ಕೊಡುವವರು ಈ ಅಜ್ಜಿಯರನ್ನು ಮಾತಾಡಿಸಬೇಕು.

ಆದರೆ ಊರಿನ ನಕ್ಷೆ ಬದಲಾಗಲಿಲ್ಲ. ವರ್ಣಭೇದದ ಸರ್ಕಾರ ಕಪ್ಪು ಜನರನ್ನು ನಗರದಿಂದ ದೂರ ಇಟ್ಟಿತ್ತು. ಹೊಸ ಸರ್ಕಾರ ಮನೆ ಕಟ್ಟಿದ್ದೂ ಅಲ್ಲೇ ಸುತ್ತಮುತ್ತ, ಏಕೆಂದರೆ ಅಲ್ಲೇ ಜಾಗ ಅಗ್ಗ. ಸ್ಯಾಂಡ್ಟನ್‌ನ ಗಾಜಿನ ಕಟ್ಟಡಗಳಲ್ಲಿ ಕಸ ಗುಡಿಸುವ ಹೆಂಗಸು ಬೆಳಗಿನ ಜಾವ ಎದ್ದು ಎರಡು ಮಿನಿಬಸ್ ಟ್ಯಾಕ್ಸಿ ಬದಲಿಸಿ ಬರ್ತಾಳೆ. ಸಂಬಳದ ದೊಡ್ಡ ಪಾಲು ಅದಕ್ಕೇ ಹೋಗುತ್ತೆ. ನಿರುದ್ಯೋಗ ಶೇಕಡ 30ರ ಮೇಲೆ. ಅಸಮಾನತೆ ಅಳೆಯುವ ಗಿನಿ ಸೂಚ್ಯಂಕ 0.63, ಜಗತ್ತಿನಲ್ಲೇ ಅತಿ ಹೆಚ್ಚು.

ಮತ್ತೆ ಕರೆಂಟ್. 2007ಕ್ಕೆ ವಿದ್ಯುತ್ ಕೊರತೆ ಬರುತ್ತೆ ಅಂತ ಸರ್ಕಾರದ 1998ರ ಶ್ವೇತಪತ್ರವೇ ಹೇಳಿತ್ತು. ಹೊಸ ಸ್ಥಾವರ ಕಟ್ಟಲು ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಮ್‌ಗೆ ಸಮಯಕ್ಕೆ ಅನುಮತಿ ಕೊಡಲಿಲ್ಲ, ಖಾಸಗಿಯವರು ಕಟ್ಟುತ್ತಾರೆ ಅಂತ ಕಾದರು. ಯಾರೂ ಬರಲಿಲ್ಲ. ಸರಿಯಾಗಿ 2007ರ ಕೊನೆಗೆ ಲೋಡ್ ಶೆಡ್ಡಿಂಗ್ ಶುರುವಾಯಿತು. ಅಧ್ಯಕ್ಷ ಎಂಬೆಕಿ ಕ್ಷಮೆ ಕೇಳಿದರು. 2023 ಎಲ್ಲಕ್ಕಿಂತ ಕೆಟ್ಟ ವರ್ಷ.

ಬಳ್ಳಾರಿ_ಬಿಸಿಲು:
ಕರೆಂಟ್ ವಿಷಯ ಬಂದಿದ್ದಕ್ಕೆ ಹೇಳ್ತೀನಿ. ಕ್ರೋಮ್ ಅದಿರು ಅವರ ಹತ್ತಿರ ಹೇರಳ. ಹಿಂದೆ ಅಲ್ಲೇ ಕರಗಿಸಿ, ಸ್ಟೇನ್‌ಲೆಸ್ ಸ್ಟೀಲಿಗೆ ಬೇಕಾದ ಫೆರೋಕ್ರೋಮ್ ಮಾಡಿ ಮಾರುತ್ತಿದ್ದರು, ಅದರಲ್ಲಿ ಜಗತ್ತಿಗೇ ಮೊದಲು. ವಿದ್ಯುತ್ ದರ ಏರಿದ ಮೇಲೆ ಕುಲುಮೆಗಳು ಒಂದೊಂದೇ ನಿಂತವು. ಚೀನಾ ಮುಂದೆ ಹೋಯಿತು. ಈಗ ಹೆಚ್ಚಾಗಿ ಅದಿರೇ ಹಡಗು ಹತ್ತುತ್ತೆ.

ನಮ್ಮ ಜಿಲ್ಲೆಯಲ್ಲೂ ಹೀಗೇ ಆಗಿತ್ತು. 2000ದ ನಂತರ ಕಬ್ಬಿಣದ ಅದಿರು ಲಾರಿ ಲಾರಿ ಬಂದರಿಗೆ, ಅಲ್ಲಿಂದ ಚೀನಾಕ್ಕೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೆ ಕೆಂಪು ದೂಳು ಬಿಟ್ಟರೆ ಊರಿಗೆ ಏನು ಬಂತು? ಗಣಿ ಒಡೆತನದ ಬಗ್ಗೆ ಇಷ್ಟು ಚರ್ಚೆ ಮಾಡುತ್ತಿದ್ದೀರಿ, ಅದಿರನ್ನು ಎಲ್ಲಿ ಕರಗಿಸುತ್ತಾರೆ ಅಂತ ಯಾಕೆ ಯಾರೂ ಕೇಳುತ್ತಿಲ್ಲ? ಕೆಲಸ ಇರುವುದು ಅಲ್ಲಿ.

ನೇಸರ:
ಒಂದು ತಿದ್ದುಪಡಿ. ಮೇಷ್ಟ್ರು ವಿದೇಶಿ ಸಾಲದ ಬಗ್ಗೆ ಬರೆದರು. ಸರ್ಕಾರದ ಸಾಲದಲ್ಲಿ ಬಹುಪಾಲು ದೇಶದ ಒಳಗಿನದು. ಅದರಲ್ಲೂ ದೊಡ್ಡ ಭಾಗ ಸರ್ಕಾರಿ ನೌಕರರ ಪಿಂಚಣಿ ನಿಧಿಗೆ ಕೊಡಬೇಕಾದದ್ದು. ಹಾಗಾಗಿ ವರ್ಣಭೇದದ ಸಾಲ ತೀರಿಸಲ್ಲ ಅಂತ ಕೈ ಎತ್ತಿದ್ದರೆ ಲಂಡನ್ ಬ್ಯಾಂಕರ್‌ಗಳಿಗಿಂತ ಮೊದಲು ಪೆಟ್ಟು ಬೀಳುತ್ತಿದ್ದುದು ಅಲ್ಲಿನ ಮೇಷ್ಟ್ರುಗಳಿಗೆ, ನರ್ಸುಗಳಿಗೆ.

ಅರ್ಥಶಾಸ್ತ್ರದ_ಮೇಷ್ಟ್ರು:
ಇದು ಬಹಳ ಮುಖ್ಯವಾದ ಮಾತು. ವಿದೇಶಿ ಸಾಲದ ಮಟ್ಟಿಗೆ ಮಾತ್ರ ನೈತಿಕ ಪ್ರಶ್ನೆ ಹಾಗೇ ಉಳಿಯುತ್ತದೆ. ಜನರನ್ನು ತುಳಿಯಲು ತಂದ ಸಾಲವನ್ನು ತುಳಿಸಿಕೊಂಡವರು ಯಾಕೆ ತೀರಿಸಬೇಕು? ಚರ್ಚಿನವರು, ಚಳವಳಿಗಾರರು ಅಲ್ಲಿ ಇದನ್ನು ಜೋರಾಗಿಯೇ ಕೇಳಿದರು. ತಂದೆಯ ಮನೆ ಕೈಗೆ ಬಂದಾಗ ಅಡಮಾನದ ಪತ್ರವೂ ಜೊತೆಗೆ ಬಂದಂತೆ ಸರ್ಕಾರ ಅದನ್ನು ಒಪ್ಪಿಕೊಂಡಿತು. ಒಪ್ಪದಿದ್ದರೆ ಮುಂದೆ ಯಾರೂ ಸಾಲ ಕೊಡುವುದಿಲ್ಲ ಎಂಬ ಭಯ. ಹೈಟಿ ದೇಶ 1825ರಲ್ಲಿ ಫ್ರಾನ್ಸ್‌ಗೆ 150 ಮಿಲಿಯನ್ ಫ್ರಾಂಕ್ ಕೊಡಲು ಒಪ್ಪಿದ್ದು ಯುದ್ಧನೌಕೆಗಳ ಎದುರಿಗೆ. ಇಲ್ಲಿ ನೌಕೆ ಬೇಕಾಗಲಿಲ್ಲ.

ಸಿಕ್ಸರ್_ಸೀನ:
1991ರ ನವೆಂಬರ್, ಈಡನ್ ಗಾರ್ಡನ್ಸ್. ಬಹಿಷ್ಕಾರ ಮುಗಿದ ಮೇಲೆ ಅವರ ಮೊದಲ ಪಂದ್ಯ ನಮ್ಮ ಜೊತೆಗೇ. ಅಲನ್ ಡೊನಾಲ್ಡ್ 5 ವಿಕೆಟ್!

ಸಿರಿಗಂಧ88:
ವರ್ಣಭೇದದ ವಿರುದ್ಧ 1946ರಲ್ಲೇ ವ್ಯಾಪಾರ ನಿಲ್ಲಿಸಿದ ಮೊದಲ ದೇಶ ನಮ್ಮದು ಅನ್ನುವುದೂ ನೆನಪಿರಲಿ. ಆಗ ನಮಗಿನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ.

ನಿರ್ವಾಹಕ:
ಕ್ರಿಕೆಟ್‌ಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ.

ಔಷಧಾಲಯದ_ಅಕ್ಕ:
ಇಷ್ಟು ಹೊತ್ತು ಓದಿದೆ, ಔಷಧಿ ವಿಷಯ ಯಾರೂ ಎತ್ತಲಿಲ್ಲ. ನನ್ನ ಪ್ರಕಾರ ಮೂಲ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ಇರುವುದೇ ಅಲ್ಲಿ.

1997ರಲ್ಲಿ ಮಂಡೇಲಾ ಸರ್ಕಾರ ಅಗ್ಗದ ಔಷಧಿ ತರಿಸಲು ಕಾನೂನು ತಿದ್ದಿತು. ಏಡ್ಸ್ ಹಬ್ಬುತ್ತಿದ್ದ ಕಾಲ. ಒಬ್ಬ ರೋಗಿಯ ಒಂದು ವರ್ಷದ ಔಷಧಿಗೆ ಕಂಪನಿಗಳು 10 ಸಾವಿರ ಡಾಲರ್‌ಗೂ ಮೇಲೆ ಕೇಳುತ್ತಿದ್ದವು. 1998ರಲ್ಲಿ ಔಷಧ ಕಂಪನಿಗಳು ಒಟ್ಟಾಗಿ ಮಂಡೇಲಾ ಸರ್ಕಾರದ ಮೇಲೇ ಕೇಸು ಹಾಕಿದವು. ವಿಚಾರಣೆಗೆ ಬರುವಾಗ 39 ಕಂಪನಿಗಳಿದ್ದವು. ಅಮೆರಿಕ ಸರ್ಕಾರ ದಕ್ಷಿಣ ಆಫ್ರಿಕಾವನ್ನು ತನ್ನ ನಿಗಾ ಪಟ್ಟಿಗೆ ಸೇರಿಸಿ ಒತ್ತಡ ಹಾಕಿತು. ಹೊಸದಾಗಿ ಬಿಡುಗಡೆ ಆದ ದೇಶಕ್ಕೆ ಜಗತ್ತಿನ ವ್ಯಾಪಾರದಲ್ಲಿ ಎಂಥ ಸ್ಥಾನ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾವುದು ತೋರಿಸುತ್ತೆ?

ಆಗ ಬಂದಿದ್ದು ನಮ್ಮ ಔಷಧ ಕಂಪನಿ ಸಿಪ್ಲಾ. 2001ರ ಫೆಬ್ರವರಿಯಲ್ಲಿ ಅದರ ಮುಖ್ಯಸ್ಥ ಯೂಸುಫ್ ಹಮೀದ್ ಅವರು ಮೂರು ಔಷಧಿ ಸೇರಿದ ಚಿಕಿತ್ಸೆಯನ್ನು, ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ, ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇನೆ ಅಂದರು. ಅವರು ಹಾಗೆ ಹೇಳಲು ಸಾಧ್ಯವಾಗಿದ್ದು ನಮ್ಮ 1970ರ ಪೇಟೆಂಟ್ ಕಾಯಿದೆಯಿಂದ. ಅದರಲ್ಲಿ ಔಷಧಿ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಇತ್ತು, ಔಷಧಿಗೆ ಇರಲಿಲ್ಲ. ನಮ್ಮಲ್ಲಿ ಸ್ವಾತಂತ್ರ್ಯಾನಂತರ ಮಾಡಿದ ಒಂದು ಕಾನೂನು ಮೂವತ್ತು ವರ್ಷ ಬಿಟ್ಟು ಆಫ್ರಿಕಾದ ಜನರ ಜೀವ ಉಳಿಸಲು ನೆರವಾಯಿತು. ಇದನ್ನು ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆ.

ಅಲ್ಲಿನ ಜನರೂ ಸುಮ್ಮನಿರಲಿಲ್ಲ. ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ಸಂಘಟನೆ ಬೀದಿಗಿಳಿಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಝಾಕಿ ಅಕ್ಮತ್‌ಗೇ ಎಚ್‌ಐವಿ ಇತ್ತು. ಎಲ್ಲರಿಗೂ ಸಿಗುವವರೆಗೆ ನಾನೂ ಔಷಧಿ ತೆಗೆದುಕೊಳ್ಳಲ್ಲ ಅಂತ ಪಟ್ಟು ಹಿಡಿದರು. 2001ರ ಏಪ್ರಿಲ್‌ನಲ್ಲಿ ಕಂಪನಿಗಳು ಕೇಸು ವಾಪಸ್ ತೆಗೆದುಕೊಂಡವು. ಅದೇ ನವೆಂಬರ್‌ನಲ್ಲಿ ದೋಹಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಡಬ್ಲ್ಯುಟಿಒ, ಜನರ ಆರೋಗ್ಯ ಕಾಪಾಡುವುದಕ್ಕೆ ಪೇಟೆಂಟ್ ನಿಯಮ ಅಡ್ಡ ಬರಬಾರದು ಅಂತ ಒಪ್ಪಿತು.

ಇಲ್ಲಿಯವರೆಗೆ ಗೆಲುವು. ಮುಂದಿನದು ಹೇಳಲು ಕಷ್ಟ. ಔಷಧಿ ಅಗ್ಗವಾದ ಹೊತ್ತಿಗೆ ಅಧ್ಯಕ್ಷ ಎಂಬೆಕಿ ಎಚ್‌ಐವಿಯಿಂದ ಏಡ್ಸ್ ಬರುತ್ತೆ ಅನ್ನುವುದನ್ನೇ ಅನುಮಾನಿಸಿದರು. ಮಗುವಿಗೆ ಎಚ್‌ಐವಿ ಹರಡದಂತೆ ತಡೆಯುವ ನೆವಿರಪಿನ್ ಔಷಧಿಯನ್ನು ಗರ್ಭಿಣಿಯರಿಗೆ ಕೊಡಿ ಅಂತ 2002ರಲ್ಲಿ ಸಂವಿಧಾನ ನ್ಯಾಯಾಲಯವೇ ಆದೇಶ ಮಾಡಬೇಕಾಯಿತು. ಈ ವಿಳಂಬದಿಂದ 3.3 ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು. ಆ ಸಾವುಗಳಿಗೆ ಡಬ್ಲ್ಯುಟಿಒ ಕಾರಣ ಅಲ್ಲ. ಈಗ ಅಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಸರ್ಕಾರದ ಚಿಕಿತ್ಸೆಯಲ್ಲಿದ್ದಾರೆ, ಜಗತ್ತಿನ ಅತಿ ದೊಡ್ಡ ಕಾರ್ಯಕ್ರಮ.

ಹೊಸಪೇಟೆ_ಹುಡುಗ:
ಅಕ್ಕಾ, ಇದಕ್ಕಿಂತ ಚೆನ್ನಾಗಿ ನಾನು ವಾದ ಮಾಡಲಾರೆ. ಹೊರಗಿನ ಒತ್ತಡ ನಿಜ. ಜನ, ಸರ್ಕಾರ ಒಟ್ಟಾಗಿ ನಿಂತು, ಹೊರಗೆ ಜೊತೆಗಾರರು ಸಿಕ್ಕರೆ ಅದನ್ನು ಎದುರಿಸಬಹುದು ಅನ್ನುವುದೂ ನಿಜ. ಸುಂಕದಲ್ಲಿ, ಬಂಡವಾಳದಲ್ಲಿ ಆ ಪ್ರಯತ್ನವೇ ಆಗಲಿಲ್ಲ.

ನೇಸರ:
ಬಂಡವಾಳದ ಮಾತು ಬೇರೆ. ಔಷಧಿ ಕೇಸಿನಲ್ಲಿ ಜಗತ್ತಿನ ಜನ ಅವರ ಪರ ಇದ್ದರು. ಷೇರು ಮಾರಿ ಹೋಗುವವನನ್ನು ಯಾವ ಮೆರವಣಿಗೆಯೂ ತಡೆಯಲ್ಲ. 2001ರ ಡಿಸೆಂಬರ್‌ನಲ್ಲಿ ರ‍್ಯಾಂಡ್ ಡಾಲರ್‌ಗೆ 13 ದಾಟಿತು. ಗೇರ್ ಇದ್ದಾಗಲೇ ಹೀಗೆ. ಇಲ್ಲದಿದ್ದರೆ?

ಕರಾವಳಿ_ಕಿಟ್ಟ:
ಎರಡನೇ ಪ್ರಶ್ನೆಗೆ ಬರೋಣ, ಬಡ ದೇಶಗಳ ಪರ ಮಾತಾಡುವ ಬಲ. 2003ರಲ್ಲಿ ಭಾರತ, ಬ್ರೆಜಿಲ್ ಜೊತೆ ಇಬ್ಸಾ ಎಂಬ ಕೂಟ. 2011ರ ಸಾನ್ಯಾ ಶೃಂಗಸಭೆಯಿಂದ ಬ್ರೆಜಿಲ್, ರಷ್ಯಾ, ಭಾರತ, ಚೀನಾ ಜೊತೆ ಬ್ರಿಕ್ಸ್ ಕೂಟ. ಬ್ರಿಕ್ಸ್ 2014ರಲ್ಲಿ ಒಪ್ಪಂದ ಮಾಡಿಕೊಂಡ ನ್ಯೂ ಡೆವಲಪ್‌ಮೆಂಟ್ ಬ್ಯಾಂಕ್‌ನಲ್ಲಿ ಸ್ಥಾಪಕ ಐದೂ ದೇಶಕ್ಕೆ ತಲಾ 10 ಬಿಲಿಯನ್ ಡಾಲರ್ ಪಾಲು, ಸಮಾನ ಮತ. ಚೀನಾಕ್ಕೆ ಎಷ್ಟೋ ದಕ್ಷಿಣ ಆಫ್ರಿಕಾಕ್ಕೂ ಅಷ್ಟೇ. ಐಎಂಎಫ್‌ನಲ್ಲಿ ಅವರ ಮತ ಶೇಕಡ 1 ಕೂಡ ಇಲ್ಲ. ಬ್ಯಾಂಕಿನ ಮೊದಲ ಅಧ್ಯಕ್ಷ ನಮ್ಮ ಮಂಗಳೂರಿನ ಕೆ.ವಿ. ಕಾಮತ್, ಸುರತ್ಕಲ್ ಕೆಆರ್‌ಇಸಿಯಲ್ಲಿ ಓದಿದವರು. ಆಫ್ರಿಕಾ ಶಾಖೆ ಜೊಹಾನ್ಸ್‌ಬರ್ಗ್‌ನಲ್ಲೇ ಇದೆ.

ಕಾವೇರಿ_ಮಗ:
ಕೋವಿಡ್ ಬಂದಾಗ 2020ರಲ್ಲಿ ಆ ಬ್ಯಾಂಕ್ ಕೊಟ್ಟಿದ್ದು 1 ಬಿಲಿಯನ್ ಡಾಲರ್. ಐಎಂಎಫ್ ಕೊಟ್ಟಿದ್ದು 4.3 ಬಿಲಿಯನ್.

ಕರಾವಳಿ_ಕಿಟ್ಟ:
ಹೌದು, ಆದರೆ 1993ರಲ್ಲಿ ಐಎಂಎಫ್ ಬಿಟ್ಟು ಬೇರೆ ಬಾಗಿಲೇ ಇರಲಿಲ್ಲ. ಈಗ ಇನ್ನೊಂದು ಇದೆ.

ಜೋಬರ್ಗ್_ಕನ್ನಡಿಗ:
ಅಕ್ಕಪಕ್ಕದ ದೇಶದವರನ್ನು ಕೇಳಿದರೆ ಬೇರೆ ಚಿತ್ರ ಸಿಗುತ್ತೆ. ಎಂಟಿಎನ್ ಮೊಬೈಲ್, ಶಾಪ್‌ರೈಟ್ ಅಂಗಡಿ, ಸ್ಟ್ಯಾಂಡರ್ಡ್ ಬ್ಯಾಂಕ್, 1994ರ ನಂತರ ಇವೆಲ್ಲ ಆಫ್ರಿಕಾದ ತುಂಬ ಹರಡಿದವು. ಮೊಜಾಂಬಿಕ್‌ನ ಅನಿಲ 2004ರಿಂದ ಕೊಳವೆಯಲ್ಲಿ ಸೆಕುಂಡಾದ ಸಾಸೋಲ್ ಕಾರ್ಖಾನೆಗೆ ಹರಿಯುತ್ತಿದೆ. ಜಾಂಬಿಯಾದವರಿಗೆ, ಮೊಜಾಂಬಿಕ್‌ನವರಿಗೆ ದಕ್ಷಿಣ ಆಫ್ರಿಕಾ ಅಂದರೆ ದೊಡ್ಡ ಸಾಹುಕಾರ. ಇದೇ ಜಾಂಬಿಯಾ, ಮೊಜಾಂಬಿಕ್ ಜನ ಹಿಂದೆ ಎಎನ್‌ಸಿ ಹೋರಾಟಗಾರರಿಗೆ ಜಾಗ ಕೊಟ್ಟು, ಅದಕ್ಕಾಗಿ ದಾಳಿ ಅನುಭವಿಸಿದ್ದರು. 2008ರ ಮೇನಲ್ಲಿ ಇಲ್ಲಿ ವಲಸಿಗರ ಮೇಲೆ ಗಲಭೆ ಆಗಿ 60ಕ್ಕೂ ಹೆಚ್ಚು ಜನ ಸತ್ತರು. ಅಂಗಡಿ ಕಳೆದುಕೊಂಡ ಮಲಾವಿಯ ಒಬ್ಬರು ನನ್ನ ಪರಿಚಯದವರು. ಅವರ ಮುಂದೆ 'ಆಫ್ರಿಕಾದ ದನಿ' ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಸಿರಿಗಂಧ88:
ಗುಪ್ತಾ ಸಹೋದರರ ಬಗ್ಗೆ ಯಾರೂ ಹೇಳಲಿಲ್ಲ. ಸಹಾರನ್‌ಪುರದಿಂದ ಹೋದವರು ಅಲ್ವಾ?

ಜೋಬರ್ಗ್_ಕನ್ನಡಿಗ:
ಹೌದು. ಆಗಿನ ಅಧ್ಯಕ್ಷ ಜುಮಾಗೆ ಆಪ್ತರಾಗಿದ್ದ ಉದ್ಯಮಿಗಳು. ರೈಲು ಸಂಸ್ಥೆ ಟ್ರಾನ್ಸ್‌ನೆಟ್, ಎಸ್ಕಾಮ್ ಎರಡನ್ನೂ ಹೇಗೆ ಬಗೆದರು ಅಂತ ಜೊಂಡೊ ಆಯೋಗ 2018ರಿಂದ 2022ರವರೆಗೆ ವಿಚಾರಣೆ ಮಾಡಿ ಸಂಪುಟಗಟ್ಟಲೆ ವರದಿ ಕೊಟ್ಟಿದೆ. ರೈಲು ಕೆಟ್ಟಿದ್ದರಿಂದ ಅದಿರು, ಕಲ್ಲಿದ್ದಲು ಬಂದರಿಗೆ ತಲುಪದೆ ರಫ್ತೇ ಬಿತ್ತು. ರಾಷ್ಟ್ರೀಕರಣ ಬೇಕು ಅನ್ನುವವರು ಇದಕ್ಕೆ ಉತ್ತರ ಕೊಡಬೇಕು. ಸರ್ಕಾರದ ಕೈಲಿ ಇದ್ದದ್ದನ್ನೇ ಕಾಪಾಡಲಿಲ್ಲ.

ಹೊಸಪೇಟೆ_ಹುಡುಗ:
ಉತ್ತರ ಕೊಡುತ್ತೇನೆ. ಅದನ್ನು ಬಯಲಿಗೆಳೆದಿದ್ದು ಅಲ್ಲಿನ ಪತ್ರಕರ್ತರು, ಸಾರ್ವಜನಿಕ ರಕ್ಷಕಿ (ಸರ್ಕಾರದ ಅಕ್ರಮ ತನಿಖೆ ಮಾಡುವ ಸ್ವತಂತ್ರ ಅಧಿಕಾರಿ) ತುಲಿ ಮಡೊನ್ಸೆಲಾ, ಕೋರ್ಟುಗಳು. ಆ ಕಾವಲು ಇರುವವರೆಗೆ ಸರ್ಕಾರಿ ಸಂಸ್ಥೆ ಸರಿಪಡಿಸಬಹುದು. ಲಂಡನ್‌ಗೆ ಹೋದ ಬಂಡವಾಳ ವಾಪಸ್ ಬರಲ್ಲ.

ತುಂಗಾತೀರ:
ಎಲ್ಲರ ಮಾತು ಓದಿದ ಮೇಲೆ ನನಗೆ ಅನಿಸಿದ್ದು: ಸಾಲ, ಗ್ಯಾಟ್ ಹಣೆಪಟ್ಟಿ, ಮುಗಿದ ಚಿನ್ನ, ಇವು ಅವರ ಕೈಯಲ್ಲಿ ಇರಲಿಲ್ಲ. ಸುಂಕ ಇಳಿಸಿದ ವೇಗ, ಲಂಡನ್ ಅನುಮತಿ, ವಿದ್ಯುತ್ ಸ್ಥಾವರ ಮುಂದೂಡಿದ್ದು, ಏಡ್ಸ್ ವಿಳಂಬ, ಇವು ಅವರ ಕೈಯಲ್ಲೇ ಇದ್ದವು. ಇವಕ್ಕೆ 'ಜಾಗತಿಕ ಒತ್ತಡ' ಅನ್ನುವ ನೆಪ ನಾನು ಒಪ್ಪಲ್ಲ. ಭೂಮಿ ವಿಷಯ ಎಲ್ಲಿ ಸೇರಿಸಬೇಕು ಅಂತ ಇನ್ನೂ ಗೊತ್ತಾಗುತ್ತಿಲ್ಲ.

ಅರ್ಥಶಾಸ್ತ್ರದ_ಮೇಷ್ಟ್ರು:
ಎರಡರಲ್ಲೂ. 1913ರ ಕಾಯಿದೆ ಕಪ್ಪು ಜನರಿಗೆ ಬಿಟ್ಟಿದ್ದು ಸುಮಾರು ಶೇಕಡ 7ರಷ್ಟು ನೆಲ. 1936ರಲ್ಲಿ ಅದನ್ನು 13ಕ್ಕೆ ಏರಿಸಿದರು. ಸಂವಿಧಾನದ 25ನೇ ವಿಧಿ ಆಸ್ತಿ ಹಕ್ಕನ್ನು ಕಾಪಾಡಿತು, ಅದೇ ವಿಧಿ ಭೂ ಸುಧಾರಣೆಗೂ ಅವಕಾಶ ಕೊಟ್ಟಿತು. ಮೊದಲ ಐದು ವರ್ಷದಲ್ಲಿ ಶೇಕಡ 30 ಕೃಷಿ ಭೂಮಿ ಹಂಚುತ್ತೇವೆ ಎಂದರು, ಅದರ ಹತ್ತಿರಕ್ಕೂ ಹೋಗಲಿಲ್ಲ. ಭೂ ಸುಧಾರಣೆಗೆ ಬಜೆಟ್‌ನಲ್ಲಿ ಇಟ್ಟ ಹಣ ಪ್ರತಿ ವರ್ಷ ಚಿಲ್ಲರೆ. ಅದು ಅವರ ಆಯ್ಕೆ. ಆದರೆ 2025ರ ಜನವರಿಯಲ್ಲಿ ರಾಮಫೋಸಾ ಹೊಸ ಭೂಸ್ವಾಧೀನ ಕಾಯಿದೆಗೆ ಸಹಿ ಹಾಕಿದ ಕೂಡಲೇ ಏನಾಯಿತು ನೋಡಿ. ಫೆಬ್ರವರಿಯಲ್ಲಿ ಅಮೆರಿಕ ನೆರವು ನಿಲ್ಲಿಸಿತು. ಆಗಸ್ಟ್‌ನಲ್ಲಿ ಶೇಕಡ 30 ಸುಂಕ ಬಿತ್ತು. ಸುಂಕಕ್ಕೆ ಅಮೆರಿಕ ಕೊಟ್ಟ ಕಾರಣ ಬೇರೆ, ಆದರೆ ಕಾಯಿದೆ, ಸುಂಕ ಎರಡನ್ನೂ ಬಿಡಿಸಿ ನೋಡುವುದು ಕಷ್ಟ.

ಜೋಬರ್ಗ್_ಕನ್ನಡಿಗ:
ಆ ಸುಂಕದ ಪೆಟ್ಟು ಬಿದ್ದಿದ್ದು ಈಸ್ಟರ್ನ್ ಕೇಪ್‌ನ ಕಾರು ಕಾರ್ಖಾನೆ ಕಾರ್ಮಿಕರಿಗೆ, ಕಿತ್ತಳೆ ತೋಟದ ಕೂಲಿಗಳಿಗೆ. ಮೊದಲೇ ಕೆಲಸ ಇಲ್ಲದ ಪ್ರಾಂತ್ಯ ಅದು. ಕಾಯಿದೆಗೆ ಸಹಿ ಬಿತ್ತು, ಇಲ್ಲಿ ಯಾರ ಜಮೀನೂ ಇನ್ನೂ ಕೈ ಬದಲಾಗಿದ್ದನ್ನು ನಾನು ಕಂಡಿಲ್ಲ.

ಹೊಸಪೇಟೆ_ಹುಡುಗ:
ಹಾಗಾದರೆ 1994ರಲ್ಲಿ, ಇಡೀ ಜಗತ್ತು ಮಂಡೇಲಾ ಮಾತಿಗೆ ತಲೆಬಾಗುತ್ತಿದ್ದಾಗ, ಆ ಭೂಮಿ ಹಂಚಿದ್ದರೆ ಯಾವ ದೇಶಕ್ಕೆ ಸುಂಕ ಹಾಕುವ ಧೈರ್ಯ ಬರುತ್ತಿತ್ತು? ಮೇಷ್ಟ್ರೇ, ಇದಕ್ಕೆ ನಿಮ್ಮ ಉತ್ತರ ಬೇಕು.